ಹಿಂದಿನ ಗಾಜಿಗೊಂದು ವೈಪರ್

ಐದು ಜನರ ಸಂಸಾರಕ್ಕೆಂದು ಎಸ್‌ಯುವಿ ಕೊಳ್ಳಲು ಹೊರಟ ನಾನು ಪಟ್ಟು ಹಿಡಿದು ಕೇಳಿದ್ದು ಹಿಂದಿನ ಗಾಜಿಗೊಂದು ವೈಪರ್ ಮಾತ್ರ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮೂರಿನ ಮಣ್ಣುರಸ್ತೆಯಲ್ಲಿ ಎರಡು ತಿರುವು ದಾಟುವಷ್ಟರಲ್ಲಿ ಆ ಗಾಜು ಕೆಸರು ಮೆತ್ತಿದ ಗೋಡೆಯಂತಾಗುತ್ತದೆ. ನಮ್ಮ ಕೈಗೆಟಕುವ ಮಧ್ಯಮ ವೇರಿಯಂಟಿನಲ್ಲಿ ಸನ್‌ರೂಫ್ ಇದೆ, ವೈಪರ್ ಇಲ್ಲ. ಆಗುಂಬೆಯ ಮಳೆಯಲ್ಲಿ ಸನ್‌ರೂಫ್ ತೆರೆಯುವ ಪುಣ್ಯಾತ್ಮರು ಯಾರೋ! ವೈಪರ್ ಬೇಕೆಂದರೆ ಮೇಲಿನ ವೇರಿಯಂಟಿಗೇ ಹೋಗಿ, ಕೇಳದ ಬಣ್ಣದ ದೀಪಗಳಿಗೂ ವೈರ್‌ಲೆಸ್ ಚಾರ್ಜರಿಗೂ ದುಡ್ಡು ತೆರಬೇಕು. ಬೆಲೆ 10 ಲಕ್ಷ ರೂಪಾಯಿ ದಾಟಿತೆಂದರೆ ಕರ್ನಾಟಕದಲ್ಲಿ ಆಜೀವ ತೆರಿಗೆಯೂ ಶೇ 14ರಿಂದ 17ಕ್ಕೆ ಜಿಗಿಯುತ್ತದೆ. ಕೊನೆಗೆ ಮಧ್ಯಮದ್ದನ್ನೇ ಕೊಂಡೆ. ಮೇಲಿನ ವೇರಿಯಂಟಿನ ಸೌಲಭ್ಯಗಳಿಗೆಂದು ಬಿಟ್ಟ ಜಾಗದಲ್ಲಿ, ಸ್ಟೇರಿಂಗ್ ಪಕ್ಕ ಸಾಲಾಗಿ ಕೂತಿರುವ, ಒತ್ತಿದರೂ ಏನೂ ಆಗದ ನಾಲ್ಕು ಖಾಲಿ ಗುಂಡಿಗಳು ದಿನವೂ ನನ್ನನ್ನು ಅಣಕಿಸುತ್ತವೆ.