ಆ ವಿಡಿಯೋ ಡಿಲೀಟ್ ಮಾಡಿ

ನಿನ್ನೆಯಿಂದ ನಮ್ಮ ಬಡಾವಣೆ ಗ್ರೂಪಲ್ಲಿ ಓಡ್ತಿರೋ ವಿಡಿಯೋ ನೀವೂ ನೋಡಿರ್ತೀರ. ಹಿಟ್ಟಿನ ಗಿರಣಿ ಮುಂದೆ ಒಬ್ಬ ಹುಡುಗನ್ನ ಲೈಟ್ ಕಂಬಕ್ಕೆ ಒತ್ತಿ ಹಿಡ್ಕೊಂಡಿದಾರೆ, ಸ್ಕೂಲ್ ಪ್ಯಾಂಟು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ, 'ಹೆಸರು ಹೇಳೋ, ಇಲ್ಲಿ ನೋಡ್ಕೊಂಡ್ ಹೇಳೋ' ಅಂತ ಗದರ್ತಿದಾರೆ. ನಾನು ರಾಗಿ ಬೀಸಿಸಕ್ಕೆ ಹೋದವಳು ಅಲ್ಲೇ ಇದ್ದೆ. ಕದ್ದಿದ್ದು ಒಂದು ಹಳೇ ಸೈಕಲ್ಲು.

18 ತುಂಬದವರ ಕೇಸ್ ನೋಡೋ ಬಾಲನ್ಯಾಯ ಮಂಡಳಿ ಬಾಗಿಲಲ್ಲಿ ನಾನೆಷ್ಟು ವರ್ಷ ಫೈಲ್ ಹಿಡ್ಕೊಂಡು ಕಾದಿದೀನಿ ಅಂತ ನಿಮಗೆ ಗೊತ್ತಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತೆ. 18 ತುಂಬದ ಮಗು ಇಂಥ ಸಣ್ಣ ಕಳ್ಳತನ ಮಾಡಿದ್ರೆ ಎಫ್‌ಐಆರ್ ಕೂಡ ಹಾಕಲ್ಲ, ಠಾಣೆ ಡೈರಿಲಿ ಬರೆದು ಮನೆ ಪರಿಸ್ಥಿತಿ ವರದಿ ಜೊತೆ ಮಂಡಳಿಗೆ ಕಳಿಸ್ಬೇಕು ಅಂತ 2016ರ ನಿಯಮ ಇದೆ. ಬುದ್ಧಿ ಹೇಳಿ ಮನೆಗೆ ಕಳಿಸೋದು, ಕೌನ್ಸೆಲಿಂಗ್, ಸಮುದಾಯ ಸೇವೆ, ಇವೆಲ್ಲ 2015ರ ಬಾಲನ್ಯಾಯ ಕಾಯ್ದೆಯ 18ನೇ ಸೆಕ್ಷನ್ನಲ್ಲೇ ಇವೆ. ಅಷ್ಟೇ ಅಲ್ಲ, ಕೇಸ್ ಮುಗಿದು ನಿಗದಿತ ಅವಧಿ ಕಳೆದ ಮೇಲೆ ದಾಖಲೆನೇ ನಾಶ ಮಾಡ್ಬೇಕು, ಆ ಮಗು ಹೊಸದಾಗಿ ಶುರು ಮಾಡ್ಲಿ ಅಂತ. ಸರ್ಕಾರನೇ ಮರೆಯಕ್ಕೆ ತಯಾರಿದೆ, ನಾವು ಫೋನಲ್ಲಿ ಇಟ್ಕೊಂಡು ಕೂತಿದೀವಿ. ಮಗುವಿನ ಗುರುತು ಹೊರಗೆ ಹಾಕೋದು ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ, 6 ತಿಂಗಳು ಜೈಲಾಗಬಹುದು.

'ಹೀಗೆ ಬಿಟ್ರೆ ನಾಳೆ ದೊಡ್ಡ ಕಳ್ಳ ಆಗ್ತಾನೆ ಮೇಡಂ' ಅಂದ್ರು ಒಬ್ರು, ಇನ್ನೊಬ್ರು 2012ರ ದೆಹಲಿ ನಿರ್ಭಯಾ ಕೇಸ್ ತಂದ್ರು, ಅದರಲ್ಲೊಬ್ಬನಿಗೆ 18 ತುಂಬಿರ್ಲಿಲ್ಲ ಅಂತ. ಆ ಕೇಸಾದ ಮೇಲೇ ಘೋರ ಅಪರಾಧಕ್ಕೆ ಅಂತ, 16 ದಾಟಿದವರನ್ನ ದೊಡ್ಡವರ ಥರ ವಿಚಾರಣೆ ಮಾಡಬಹುದಾದ ಬೇರೆ ದಾರಿ ಮಾಡಿದಾರೆ ಸ್ವಾಮಿ, ಸೈಕಲ್ಲಿಗೂ ಅದಕ್ಕೂ ಏನು ಸಂಬಂಧ? ಐಪಿಸಿ ಬದಲು ಬಂದಿರೋ ಈಗಿನ ಭಾರತೀಯ ನ್ಯಾಯ ಸಂಹಿತೆಲಿ ದೊಡ್ಡವರಿಗೇ, ಮೊದಲ ಸಲ, 5000ಕ್ಕಿಂತ ಕಮ್ಮಿ ಬೆಲೆ ಮಾಲು ಕದ್ದು ವಾಪಸ್ ಕೊಟ್ರೆ ಸಮುದಾಯ ಸೇವೆ ಸಾಕು ಅಂತಿದೆ.

ಇನ್ನು ಬಿಡೋದು ಅಂದ್ರೇನು? ನಷ್ಟ ಆದವರ ಎದುರು ಕೂರಿಸಿ, ಏನು ಮಾಡ್ದೆ, ಹೇಗೆ ಸರಿ ಮಾಡ್ತೀಯ ಅಂತ ಕೇಳೋದು ಬಿಡೋದಲ್ಲ. ನ್ಯೂಜಿಲೆಂಡಲ್ಲಿ ಮಕ್ಕಳು ತಪ್ಪು ಮಾಡಿದ್ರೆ 1989ರಿಂದ ಮನೆಯವರನ್ನೂ ನೊಂದವರನ್ನೂ ಒಟ್ಟಿಗೆ ಕೂರಿಸೋದು ಕಾನೂನೇ, ಅಲ್ಲಿನ ಮೂಲನಿವಾಸಿ ಮಾವೋರಿ ಜನರ ಪದ್ಧತಿ ನೋಡಿ ಮಾಡಿದ್ದು.

ಅದನ್ನ ನಿನ್ನೆ ಕಣ್ಣಾರೆ ನೋಡ್ದೆ. ಏಟು ಬೀಳ್ತಿದ್ರೂ ಹುಡುಗ 'ನಾನಲ್ಲ ಅಣ್ಣ, ನಾನಲ್ಲ' ಅಂತಲೇ ಇದ್ದ. ಸೈಕಲ್ಲು ಹಾಲು ಹಾಕೋ ತಾತಂದು, ಎರಡು ದಿನ ಕ್ಯಾನ್ ಹೊತ್ಕೊಂಡು ನಡ್ಕೊಂಡೇ ಹಾಲು ಹಾಕಿದಾರೆ ಪಾಪ. ಅವರು ಬಂದು ಕುಕ್ಕರುಗಾಲಲ್ಲಿ ಕೂತು ನೇತಾಡ್ತಿದ್ದ ಚೈನ್ ಮುಟ್ಟಿ ನೋಡಿ, 'ಎಲ್ಲಿ ಕಟ್ಟಾಯ್ತು ಮಗಾ?' ಅಂದ್ರು. 'ಕೆರೆ ಏರಿ ಮೇಲೆ ತಾತ' ಅಂದ. ನಾಲ್ಕು ಜನ ಹೊಡೆದು ಬಾಯಿ ಬಿಡಿಸಕ್ಕಾಗದ್ದು ಅಷ್ಟರಲ್ಲಿ ಬಂತು. ಅದು ಮಾತ್ರ ಯಾರ ವಿಡಿಯೋದಲ್ಲೂ ಇಲ್ಲ.

ಒಂದು ಹೇಳ್ಬಿಡ್ತೀನಿ. ಹೋದ ವರ್ಷ ನಮ್ಮ ಗಾಡಿ ಪೆಟ್ರೋಲ್ ಕದ್ದ ಹುಡುಗರ ವಿಡಿಯೋನ ಎರಡು ಗ್ರೂಪಿಗೆ ಕಳಿಸಿದ್ದು ನಾನೇ, ಕಾನೂನೆಲ್ಲ ಗೊತ್ತಿದ್ದೂ, ಸಿಟ್ಟಲ್ಲಿ. ಅದರಲ್ಲೊಬ್ಬ ಶಾಲೆ ಬಿಟ್ಟ. ಆ ಹುಡುಗನ ತಾಯಿ ಎದುರಿಗೆ ಸಿಕ್ಕಿದ್ರೆ ಇವತ್ತಿಗೂ ನನಗೆ ತಲೆ ಎತ್ತಕ್ಕಾಗಲ್ಲ.

ತಾತ ನಿನ್ನೆ ಹೋಗೋವಾಗ 'ಬೆಳಿಗ್ಗೆ ಬಾ, ಇಬ್ರೂ ಹೋಗಿ ಚೈನ್ ಹಾಕ್ಸೋಣ' ಅಂದಿದ್ರು. ಇವತ್ತು ಸೈಕಲ್ ಅಂಗಡಿ ಮುಂದೆ ಒಬ್ರೇ ನಿಂತಿದ್ರು. ವಿಡಿಯೋ ನೋಡಿದ ಮೇಲೆ ಹುಡುಗನ ಅಮ್ಮ ಅವನನ್ನ ಮನೆಯಿಂದ ಹೊರಗೇ ಬಿಟ್ಟಿಲ್ಲವಂತೆ.