ಆಟೋಗೆ ದುಡ್ಡಿದೆಯಾ ಆಂಟಿ ಅಂತ ಕೇಳಿದ!

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವನ ಹೊಸ ಮನೆಯಿಂದ ಈಗಷ್ಟೇ ಬಂದೆ. ಕೈ ಇನ್ನೂ ನಡುಗುತ್ತಿದೆ.

ನೂರರ ನೋಟು ತೆಗೆದು ನನ್ನ ಮುಖದ ಮುಂದೆ ಹಿಡಿದ. "ಆಟೋಗೆ ದುಡ್ಡಿದೆಯಾ ಆಂಟಿ, ಕೊಡ್ಲಾ?" ಎದುರು ಮನೆಯವರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ನಾನೇನೋ ಭಿಕ್ಷೆಗೆ ಬಂದವಳ ಹಾಗೆ! ಆರು ತಿಂಗಳ ಬಾಡಿಗೆ 66,000 ಬಾಕಿ ಇಟ್ಟು ರಾತ್ರೋರಾತ್ರಿ ಖಾಲಿ ಮಾಡಿದವನು ಅವನು. ನಾಚಿಕೆಯಿಂದ ತಲೆ ತಗ್ಗಿಸಿದ್ದು ಮಾತ್ರ ನಾನು.

ಹೆಂಡತಿ ಬಾಣಂತಿ ಅಂತ ಸುಮ್ಮನಿದ್ದೆ. ಮೆಣಸಿನ ಸಾರು ಮಾಡಿ ಮೇಲೆ ಹೋಗಿ ಕೊಟ್ಟು ಬರುತ್ತಿದ್ದೆ. ಕೇಳಿದಾಗೆಲ್ಲ "ಮುಂದಿನ ವಾರ ಆಂಟಿ". ನಂಬಿದೆ.

ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಗೆ ಒರಗಿಸಿಟ್ಟಿದ್ದ ಗೀಸರ್ ಕಾಣಿಸಿತು. ನಮ್ಮದೇ. ಪ್ಲಂಬರ್ ನಂಬರನ್ನು ನಮ್ಮನೆಯವರು ಅದರ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದರು. ಅವರು 7 ಬರೆಯೋದು ಹಾಗೇ, ಮಧ್ಯೆ ಒಂದು ಗೀಟು. ಅವರು ಹೋಗಿ ಎರಡು ವರ್ಷ ಆಯಿತು. ಅದನ್ನು ನೋಡಿದ ಮೇಲೆ ಗಂಟಲಿಂದ ಮಾತೇ ಹೊರಡಲಿಲ್ಲ. ಅದೇ ಹೊತ್ತಿಗೆ ಅವನು ನೋಟು ತೆಗೆದದ್ದು.

ಮೇಲಿನ ಬಾತ್‌ರೂಮಲ್ಲಿ ಈಗ ಬರೀ ಎರಡು ಪೈಪು. ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಹೋಗಿದ್ದಾನೆ. ಬೇಸಿನ್ ಒಡೆದಿದೆ. ಗೋಡೆ ತುಂಬ ಡ್ರಿಲ್ ತೂತು. ಗೀಸರಿಗೆ 7,500, ಬೇಸಿನ್ನಿಗೆ 3,200, ಪೇಂಟಿಗೆ 18,000, ಕರೆಂಟ್ ಬಿಲ್ 4,180. ಬಾಡಿಗೆ ಬಾಕಿಯೂ ಸೇರಿಸಿ, ಅಡ್ವಾನ್ಸ್ 40,000 ಕಳೆದರೂ ಇನ್ನೂ 58,880 ಬರಬೇಕು.

ಸ್ಟೇಷನ್ನಿನಲ್ಲಿ "ಇದು ಸಿವಿಲ್ ಮ್ಯಾಟರ್ ಅಮ್ಮ" ಅಂತ ಕಳಿಸಿದರು. ಬಾಡಿಗೆ ಸಿವಿಲ್, ಒಪ್ಪಿದೆ. ಗೀಸರ್ ಕಿತ್ತುಕೊಂಡು ಹೋದದ್ದು ಕಳ್ಳತನ ಅಲ್ವಾ? ಯಾರಾದರೂ ಹೇಳಿ! ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿದ ನೋಟಿಸು "ಬಾಗಿಲು ಹಾಕಿದೆ" ಅಂತ ವಾಪಸ್ ಬಂತು. ಬಾಡಿಗೆ ಬಾಕಿಗೆ ದಾವೆ ಹಾಕಲು ಮೂರು ವರ್ಷ ಟೈಮ್ ಇದೆ ಅಂದರು ಲಾಯರು. ಕೇಸು ಮುಗಿಯೋದು ಯಾವಾಗ ಅಂದರೆ ಉತ್ತರ ಇಲ್ಲ. 11 ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಹೊಸದು ಯಾಕೆ ಮಾಡಿಸಲಿಲ್ಲ ಅಂತ ನನ್ನನ್ನೇ ಕೇಳಿದರು.

ಬಿಟ್ಟುಬಿಡು ಅಮ್ಮ, ನೆಮ್ಮದಿ ಮುಖ್ಯ ಅನ್ನುತ್ತಾಳೆ ಮಗಳು. ಬಿಡೋಣ ಅನ್ನಿಸುತ್ತೆ, ನಿಜ. ಕೋರ್ಟಿಗೆ ಓಡಾಡೋ ಶಕ್ತಿ ನನಗಿಲ್ಲ. ಆದರೆ ಯಾಕೆ ಬಿಡಬೇಕು? ಮೇಲಿನ ಮನೆ ಬಾಡಿಗೆಯಲ್ಲೇ ಅಲ್ವಾ ನನ್ನ ಮಾತ್ರೆ, ರೇಷನ್ ಎಲ್ಲ ನಡೆಯೋದು? ಹೀಗೆ ಬಾಕಿ ವಸೂಲಿ ಮಾಡಿದವರು ಒಬ್ಬರಾದರೂ ಇದ್ದೀರಾ? ಎಷ್ಟು ವರ್ಷ ಹಿಡಿಯಿತು?

ದುಡ್ಡು ಹೋದರೆ ಹೋಗಲಿ. ಇಲ್ಲ, ದುಡ್ಡೂ ಬೇಕು. ಆ ಗೀಸರ್ ಮಾತ್ರ ನಾಳೆನೇ ಬೇಕು.