ಘಟ್ಟ ಹತ್ತಿ ಬಂದ ಸಮುದ್ರ

ಹೋದ ಭಾನುವಾರ ಯಾರೋ ನಮ್ಮ ಗೇಟಿಗೆ ಒಂದು ಬಣ್ಣದ ಪಾಂಪ್ಲೆಟ್ ಸಿಕ್ಕಿಸಿ ಹೋಗಿದ್ದರು. ಹೊಸ ಲೇಔಟಿನದು. ಅರ್ಧ ಪುಟ ನೀಲಿ ಸಮುದ್ರ, ಪಕ್ಕದಲ್ಲಿ ಬಾಗಿದ ತೆಂಗಿನ ಮರ. ಕೆಳಗೆ ದಪ್ಪಕ್ಷರದಲ್ಲಿ 'ದಾವಣಗೆರೆಯಲ್ಲೇ ಮುಂಬೈ ಲೈಫು!' 30x40 ಸೈಟು, ಕಂತಿನ ಸೌಲಭ್ಯ, ಮೊದಲು ಬುಕ್ ಮಾಡಿದವರಿಗೆ ಬೆಳ್ಳಿ ನಾಣ್ಯ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಸಮುದ್ರ ನೋಡಬೇಕಂದ್ರೆ ಶಿವಮೊಗ್ಗ ದಾಟಿ ಘಟ್ಟ ಇಳಿಯಬೇಕು. ದಾರಿಯಲ್ಲಿ ಸಾಗರ ಅಂತ ಒಂದು ಊರು ಸಿಗುತ್ತದೆ ನಿಜ. ಅಲ್ಲೂ ಸಮುದ್ರ ಇಲ್ಲ.

ಕುತೂಹಲ ತಡೆಯಲಿಲ್ಲ, ಫೋನ್ ಮಾಡಿದೆ. ಏಜೆಂಟ್ ಹುಡುಗ ಸಂಜೆ ಮಂಡಕ್ಕಿ ಅಂಗಡಿ ಹತ್ತಿರ ಬಂದ. ಇಸ್ತ್ರಿ ಅಂಗಿ, ಚೂಪು ಮೂತಿಯ ಬೂಟು. ಮಿರ್ಚಿಯ ತೊಟ್ಟು ಹಿಡಿದುಕೊಂಡೇ ಶುರು ಮಾಡಿದ. "ಮುಂಬೈ ಅಂದ್ರೆ ಊರಲ್ಲ ಸಾರ್, ಅದೊಂದು ಫೀಲಿಂಗು."

ಆ ಫೀಲಿಂಗು ನನಗೆ ಸ್ವಲ್ಪ ಗೊತ್ತು. ನನ್ನ ಭಾವಮೈದ ಇಪ್ಪತ್ತು ವರ್ಷದಿಂದ ಮುಂಬೈ ಪಕ್ಕದ ಡೊಂಬಿವಲಿಯಲ್ಲಿದ್ದಾನೆ. ಅವನು ಸಮುದ್ರ ನೋಡುವುದು ನಮ್ಮಂಥ ನೆಂಟರು ಹೋದಾಗ ಮಾತ್ರ. ಮರೀನ್ ಡ್ರೈವಿನ ಕಟ್ಟೆ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ, "ನೋಡ್ರಿ, ಇದೇ ಕ್ವೀನ್ಸ್ ನೆಕ್ಲೇಸ್" ಅಂತ ತೋರಿಸಿ, ವಾಚ್ ನೋಡಿಕೊಂಡು ಎಬ್ಬಿಸಿಬಿಡುತ್ತಾನೆ. ಉಳಿದ ದಿನ ಅವನ ಕಣ್ಣೆದುರು ಇರುವುದು ಲೋಕಲ್ ರೈಲಿನಲ್ಲಿ ಮುಂದೆ ನಿಂತವನ ಕಂಕುಳು.

ಆದರೆ ಆ ರೈಲನ್ನು ಅವನು ಬೈಯ್ಯುವುದಿಲ್ಲ. 1853ರಲ್ಲಿ ಮುಂಬೈಯ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ರೈಲು ಇವತ್ತಿಗೂ ಆ ಊರನ್ನು ಹೊತ್ತು ತಿರುಗುತ್ತಿದೆ. ಬೆಳಿಗ್ಗೆ ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು. ಅಲ್ಲಿ ರೈಲು ಜನರನ್ನು ಹತ್ತಿಸಿಕೊಂಡು ಹೋಗುತ್ತದೆ. ನಮ್ಮಲ್ಲಿ ಊರನ್ನು ಎರಡು ಹೋಳು ಮಾಡಿ ಹೋಗುತ್ತದೆ. ಈ ಕಡೆ ಹಳೇ ಊರು, ಆ ಕಡೆ ಹೊಸ ಊರು, ನಡುವೆ ಹಾರ್ನು. "ನಿಮ್ಮ ಲೇಔಟಿಗೆ ಲೋಕಲ್ ರೈಲು ಬರುತ್ತೇನಪ್ಪಾ?" ಅಂತ ಕೇಳಿದೆ. "ಆಟೋ ಬರ್ತಾವೆ ಸಾರ್" ಅಂದ.

ಮಿಲ್ಲಿನ ವಿಷಯದಲ್ಲಿ ಮಾತ್ರ ನಾವು ಮುಂಬೈಗೆ ಸರಿಸಮ, ಒಪ್ಪಬೇಕು. ಅಲ್ಲಿ 1982ರಲ್ಲಿ ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಮಿಲ್ಲುಗಳು ಮುಚ್ಚಿ, ಜಾಗದಲ್ಲಿ ಮಾಲುಗಳು ಎದ್ದವು. ಮೊದಲು ಬಟ್ಟೆ ನೇಯುತ್ತಿದ್ದ ಕಡೆ ಈಗ ಬಟ್ಟೆಗೆ ಡಿಸ್ಕೌಂಟು. ನಮ್ಮದೂ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ನಮ್ಮಪ್ಪ ಮಿಲ್ಲಿನ ಸೈರನ್ ಕೇಳಿ ಗೋಡೆ ಗಡಿಯಾರ ಸರಿಮಾಡುತ್ತಿದ್ದರು. ಒಂದೊಂದಾಗಿ ಸೈರನ್ ನಿಂತವು. ಮಿಲ್ಲಿನ ಹೆಸರು ಬಡಾವಣೆಯ ಬೋರ್ಡಿನಲ್ಲಿ ಉಳಿಯಿತು. ಗಡಿಯಾರ ಈಗಲೂ ಹತ್ತು ನಿಮಿಷ ಹಿಂದೆ.

ಮಳೆಗೆ ಬರೋಣ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ನಮ್ಮ ಜಿಲ್ಲೆಗೆ ಇಡೀ ವರ್ಷ ಬೀಳುವುದಕ್ಕಿಂತ ಜಾಸ್ತಿ. ಮುಂಬೈಯಂಥ ಮುಂಬೈ ಮುಳುಗಲು ಅಷ್ಟು ಬೇಕಾಯಿತು. ನಮ್ಮ ರೈಲ್ವೆ ಕೆಳಸೇತುವೆಗೆ ಅರ್ಧ ಗಂಟೆ ಸಾಕು. ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿ 2016ರಲ್ಲಿ ಬಂದಾಗ ಅದರಲ್ಲಿ ನಮ್ಮೂರೂ ಇತ್ತು. ಸ್ಮಾರ್ಟ್ ಅಂದ್ರೆ ಇದೇ ಇರಬೇಕು, ಕಮ್ಮಿ ಖರ್ಚಿನಲ್ಲಿ ಅದೇ ರಿಸಲ್ಟು.

ಕಳೆದ ಮಳೆಗೆ ನಾನೂ ಆ ಕೆಳಸೇತುವೆಯಲ್ಲಿ ಸಿಕ್ಕಿಕೊಂಡಿದ್ದೆ. ಸ್ಕೂಟರ್ ಮುಂದಿನ ಚಕ್ರ ಮುಳುಗಿತು, ಎರಡು ಸಲ ಕೆಮ್ಮಿತು, ನಿಂತಿತು. ಒಬ್ಬರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟುತ್ತಿದ್ದರು. ಅವಳ ಸ್ಕೂಲ್ ಬ್ಯಾಗು ಅಪ್ಪನ ತಲೆ ಮೇಲೆ. ಒಂಟಿ ಹವಾಯಿ ಚಪ್ಪಲಿಯೊಂದು ತೇಲುತ್ತಾ ಬಂದು ನನ್ನ ಮೊಣಕಾಲಿಗೆ ತಾಗಿ, ದಾರಿ ಬಿಡಿ ಅನ್ನುವ ಹಾಗೆ ಸುತ್ತಿಕೊಂಡು ಹೋಯಿತು. ಮೇಲೆ ದಡದಲ್ಲಿ ಹತ್ತಿಪ್ಪತ್ತು ಹುಡುಗರು ವಿಡಿಯೋ ಮಾಡುತ್ತಿದ್ದರು. ಹೌದು, ದಡ ಅಂತಲೇ ಬಾಯಿಗೆ ಬರುತ್ತದೆ. ಮುಂಬೈಯವರಿಗಾದರೆ ಸಮುದ್ರ ಉಬ್ಬರ ಬಂದಿತ್ತು, ನೀರು ಇಳಿಯಲಿಲ್ಲ ಅಂತ ಹೇಳಿಕೊಳ್ಳಲು ಒಂದು ನೆಪವಿದೆ. 600 ಮೀಟರ್ ಎತ್ತರದಲ್ಲಿ ಮುಳುಗಿದವನು ಯಾರ ಹೆಸರು ಹೇಳಬೇಕು?

ನೀರಿಗೂ ಅಷ್ಟೆ. ಸುತ್ತ ಸಮುದ್ರವಿದ್ದರೂ ಮುಂಬೈಗೆ ಕುಡಿಯುವ ನೀರು ಬರುವುದು ದೂರದ ತಾನ್ಸಾ, ವೈತರ್ಣಾ, ಭಾತ್ಸಾ ಜಲಾಶಯಗಳಿಂದ. ಅಲೆ ನೋಡಲು ಚೆಂದ, ಬಾಯಾರಿದರೆ ಸಿಹಿನೀರೇ ಬೇಕು. ನಮ್ಮೂರಿಗೆ ಹೆಸರಿನಲ್ಲೇ ಕೆರೆ ಇದೆ. ಹೆಸರಿನಲ್ಲಿದೆಯಲ್ಲ, ನೆಲದ ಮೇಲೆ ಬೇರೆ ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು.

ಇಷ್ಟು ಹೊತ್ತಿಗೆ ಮಂಡಕ್ಕಿ ಮುಗಿದಿತ್ತು. ಹುಡುಗ ಮೊಬೈಲ್ ತೆಗೆದು ಸೈಟಿನ ನಕ್ಷೆ ತೋರಿಸಿದ. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಜಾಗ ಎಲ್ಲೋ ನೋಡಿದ ಹಾಗಿತ್ತು. ಚಿಕ್ಕಂದಿನಲ್ಲಿ ಎಮ್ಮೆ ಮೈ ತೊಳೆಯಲು ಹೋಗುತ್ತಿದ್ದ ಜಾಗ ಅದು.

"ಏನಪ್ಪಾ, ಇದು ಕೆರೆ ಅಂಗಳ ಅಲ್ವಾ?"

"ಹಳೇ ವಿಷ್ಯ ಸಾರ್."

"ಮಳೆಗಾಲದಲ್ಲಿ ನೀರು ನಿಲ್ಲಲ್ವಾ?"

ಹುಡುಗ ಬೂಟಿನ ಮೇಲೆ ಬಿದ್ದಿದ್ದ ಮಂಡಕ್ಕಿಯನ್ನು ಬೆರಳಿನಿಂದ ಹಾರಿಸಿ, ಬೇಜಾರಾದವನ ಹಾಗೆ ನನ್ನ ಮುಖ ನೋಡಿದ.

"ನಾವು ಏನೂ ಮುಚ್ಚಿಟ್ಟಿಲ್ಲ ಸಾರ್. ಪಾಂಪ್ಲೆಟ್‌ನಾಗೇ ನೀರು ತೋರ್ಸೀವಲ್ರೀ!"